ಮೂರನೆಯ ಪ್ಲಗ್

ಅಕ್ಟೋಬರ್ 16, 1956. ಮಂಗಳವಾರ. ಉಮರಗಾ.

ಒಂದು — ಕಂದು. ಎರಡು — ಕಂದು. ಮೂರು — ಬಿಳಿ. ನಾಲ್ಕು — ಬಿಳಿಗೆ ಹತ್ತಿರ.

ಮೂರು ದಿನದಿಂದ ಇದನ್ನೇ ಬರೆಯುತ್ತಿದ್ದೇನೆ. ಯುದ್ಧದ ಕಾಲಕ್ಕೆ ಪುಣೆಯ ಮಿಲಿಟರಿ ವರ್ಕ್‌ಶಾಪಿನಲ್ಲಿ ಅಂಟಿದ ಚಾಳಿ. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ ಅದರ ಬಣ್ಣ ಬರೆದಿಡಬೇಕು, ಎಂಜಿನ್ ಒಳಗೆ ಏನಾಯಿತೆಂದು ಹೇಳುವ ಸಾಕ್ಷಿ ಅದೊಂದೇ — ಗೋರಾ ಸಾರ್ಜೆಂಟ್ ದಿನಾ ಬೈದು ಕಲಿಸಿದ ಪಾಠ.

ಅಂಬಣ್ಣ ಇಂದೂ ಮೂಗು ಮುರಿದ. ಸಾವಕಾರರ ಕಿರಿಯ ಮಗ, ಇಪ್ಪತ್ತೆರಡರ ಹುರುಪು. "ಜಗದೇವ ಕಾಕಾ, ಬೆರಳಿನಷ್ಟು ಪ್ಲಗ್ಗಿಗಿ ಇಷ್ಟ್ಯಾಕ್ ತಲಿ ಕೆಡಿಸ್ಕೋತೀರಿ?"

ಹೇಳಿದೆ. ಬಿಸಿ ಪ್ಲಗ್ ಕಾವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಪೇಟೆಯ ನಿಧಾನ ಓಟಕ್ಕೆ ಅದು ಸಾಕು. ತಂಪು ಪ್ಲಗ್ ಕಾವನ್ನು ಬೇಗ ಬಿಟ್ಟುಕೊಡುತ್ತದೆ, ಜೋರು ಓಟಕ್ಕೆ ಅದೇ ಬೇಕು. ತೀರ ತಂಪಾದರೆ ಕಪ್ಪು ಮಸಿ ಹಿಡಿದು ಎಂಜಿನ್ ಕುಂಟುತ್ತದೆ. ತೀರ ಬಿಸಿಯಾದರೆ ಪ್ಲಗ್ ಬೆಳ್ಳಗಾಗುತ್ತದೆ, ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ, ಕೊನೆಗೆ ಪಿಸ್ಟನ್ ಕರಗಿ ತೂತು. ಹದವಾಗಿ ಬೆಂದ ರೊಟ್ಟಿಯ ಕಂದು ಬಂತೋ, ಗೆದ್ದಂತೆ.

"ಅಂದ್ರ ಬಿಳಿ ಅಂದ್ರ ಸಾವು," ಅಂದ ಅಂಬಣ್ಣ. ನಗುತ್ತಲೇ ಅಂದ. ನನಗೆ ನಗು ಬರಲಿಲ್ಲ.

ಅಕ್ಟೋಬರ್ 17. ಬುಧವಾರ.

ಜರ್ಮನಿ ಪ್ಲಗ್ 225 ತೆಗೆದು ಒಂದು ಮೆಟ್ಟಿಲು ತಂಪಿನ 240 ಹಾಕಿದೆ.

ಮಾಣಿಕಪ್ಪ ಸಾವಕಾರರ ವಾಡೆಯಂಗಳದಲ್ಲೇ ಕೆಲಸ. ಕೆಂಪು ಇಂಗ್ಲಿಷ್ ಗಾಡಿ, ಎರಡೇ ಸೀಟು. ಪೋಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಊರು ಬಿಟ್ಟುಹೋದ ಜಹಗೀರದಾರರದ್ದು. ಅದನ್ನು ಕೊಂಡವನು ಸಾವಕಾರರ ಹಿರಿಯ ಮಗ ರೇವಣಸಿದ್ಧ. ರೇಸಿನ ಹುಚ್ಚು. ಮುಂಬಯಿಗೆ ಒಯ್ದು ಜೋರು ಹೆಚ್ಚಲೆಂದು ಎಂಜಿನ್ನಿನ ಹೆಡ್ ಅರೆಸಿದ, ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ದೊಡ್ಡ ಕಾರ್ಬುರೇಟರ್ ಕೂರಿಸಿದ. ಗಾಳಿ ಸೋಸುವ ಡಬ್ಬಿ ಕಿತ್ತೆಸೆದ. ಈಗ ಎರಡೂ ಕಾರ್ಬುರೇಟರ್ ಬಾಯಿ ತೆರೆದುಕೊಂಡೇ ಇರುತ್ತವೆ.

ಎರಡು ವರ್ಷದ ಹಿಂದೆ ಅದೇ ಗಾಡಿಯಲ್ಲಿ ಹೋದ ರೇವಣಸಿದ್ಧ ತಿರುಗಿ ಬರಲಿಲ್ಲ. ಎರಡು ವರ್ಷ ಗಾಡಿ ಜೋಳದ ಕೋಠಿಯಲ್ಲಿ ಬಿದ್ದಿತ್ತು. ಈಗ ತಮ್ಮನಿಗೆ ಅಣ್ಣನ ಆಸೆ. ಬರುವ ತಿಂಗಳು ಹದಿನೆಂಟಕ್ಕೆ ಪುಣೆ ಹತ್ತಿರ ವಿಮಾನದ ಮೈದಾನದಲ್ಲಿ ರೇಸ್. ಸಾವಕಾರರು ಮೊದಲು ಬೇಡವೆಂದರು, ಆಮೇಲೆ ಒಂದೇ ಮಾತಿಗೆ ಒಪ್ಪಿದರು: "ಜಗದೇವಪ್ಪ ಕೈ ಹಾಕಿದ್ರ ಮಾತ್ರ."

ನಾನು ಕೈ ಹಾಕಿದೆ. ಯಾಕೆ ಹಾಕಿದೆ? ಇಲ್ಲವೆಂದರೆ ಯಾಕೆಂದು ಕೇಳುತ್ತಿದ್ದರು.

ಅಕ್ಟೋಬರ್ 20. ಶನಿವಾರ.

240ಕ್ಕೂ ಅದೇ. ಒಂದು, ಎರಡು ಕಂದು. ಮೂರು ಬಿಳಿ. ನಾಲ್ಕು ಅರೆಬಿಳಿ.

ಗುಂಜೋಟಿ ರಸ್ತೆಯ ನೇರ ಪಟ್ಟಿಯಲ್ಲೇ ಪರೀಕ್ಷೆ. ಅಂಬಣ್ಣ ಪೂರಾ ವೇಗಕ್ಕೆ ಒತ್ತುತ್ತಾನೆ, ಪಕ್ಕದಲ್ಲಿ ಕೂತ ನಾನು ಅವನ ತೊಡೆ ತಟ್ಟುತ್ತೇನೆ, ಅವನು ಅದೇ ವೇಗದಲ್ಲಿ ಸ್ವಿಚ್ ಆರಿಸುತ್ತಾನೆ. ಗಾಡಿ ಸದ್ದಿಲ್ಲದೆ ಉರುಳಿ ನಿಲ್ಲುತ್ತದೆ. ಅಲ್ಲೇ ಬಿಚ್ಚಿ ನೋಡಬೇಕು. ನಿಧಾನಕ್ಕೆ ನಿಲ್ಲಿಸಿದರೆ ಬಣ್ಣ ಬದಲಾಗುತ್ತದೆ. ಕೊನೆಯ ಗಳಿಗೆ ಹೇಗಿತ್ತೋ ಪ್ಲಗ್ ಹಾಗೇ ಹೇಳುತ್ತದೆ.

ಪ್ರತಿ ಸಲ ಗಾಡಿ ಉರುಳಿ ನಿಲ್ಲುವುದು ಆ ಬನ್ನಿಗಿಡದ ಮೋರಿಯ ಹತ್ತಿರವೇ. ರೇವಣಸಿದ್ಧ ಬಿದ್ದ ಮೋರಿ. ಮೊದಲೇ ಸ್ವಿಚ್ ಆರಿಸು ಎಂದೆ. ಇಂದು ಮೊದಲೇ ಆರಿಸಿದ. ನಿಂತದ್ದು ಅಲ್ಲೇ. ಗಾಳಿ ಹಿಂದಿನಿಂದ ಇತ್ತೇನೋ.

ಮೋರಿಯ ಆಚೆ ಅಮೋಘಸಿದ್ಧನ ಚಹಾದಂಗಡಿ. ಚಹಾ ಕೊಡುತ್ತ ಅಂದ: "ನಿನ್ನಿ ಮಧ್ಯಾಹ್ನ ಭಾರಿ ಜೋರ್ ಹೊಡದ್ರಲ್ಲರೀ. ಚಹಾಕ್ಕ ನಿಲ್ಲಲಿಲ್ಲ."

"ನಿನ್ನಿ ಗಾಡಿ ಹೊರಗ ತಗದೇ ಇಲ್ಲೋ ಮಾರಾಯಾ. ಹೆಡ್ ಬಿಚ್ಚಿ ಇಟ್ಟಿದ್ದೆ."

"ಹಂಗಂದ್ರ? ನಾ ಕಿವುಡ ಏನ್ರಿ? ಇದss ಸದ್ದು. ಹೋತು. ತಿರುಗಿ ಬರೋ ಸದ್ದು ಮಾತ್ರ ಕೇಳಲಿಲ್ಲ."

ಅಂಬಣ್ಣ ಅವನಿಗೆ ಸೇಂದಿ ಕುಡಿಯುವುದು ಕಡಿಮೆ ಮಾಡೆಂದ. ಅಮೋಘಸಿದ್ಧ ಕೊರಳಲ್ಲಿ ಲಿಂಗ ಕಟ್ಟಿದವನು. ಸೇಂದಿ ಮುಟ್ಟುವುದಿಲ್ಲ. ನನಗೆ ಗೊತ್ತು.

ಅಕ್ಟೋಬರ್ 21. ರವಿವಾರ.

ಕೆಲಸಕ್ಕೆ ಹೋಗಲಿಲ್ಲ. ಮೈ ಸರಿಯಿಲ್ಲ ಎಂದೆ. ಉಮಾಬಾಯಿ ಹಣೆ ಮುಟ್ಟಿ ನೋಡಿ, "ಕಾವಿಲ್ಲ ಏನಿಲ್ಲ, ಆ ಕೆಂಪ್ ಗಾಡಿ ಹಿಡದಾದ ನಿಮಗ," ಅಂದಳು. ಹೆಂಡತಿ ತಮಾಷೆಗೆ ಆಡುವ ಮಾತೂ ಎದೆಗೆ ನಾಟುತ್ತದೆ.

ಇಲ್ಲಿ ಬರೆದೇಬಿಡುತ್ತೇನೆ. ಈ ವಹಿಯನ್ನು ಯಾರೂ ಓದುವುದಿಲ್ಲ.

1954, ಸಪ್ಟೆಂಬರ್. ರೇವಣಸಿದ್ಧ ಬಂದು, ಜೋರಾಗಿ ಹೊಡೆದರೆ ಪ್ಲಗ್ ಬೆಳ್ಳಗಾಗುತ್ತಿವೆ, ಇನ್ನೂ ತಂಪಿನವು ಹಾಕಿ ಎಂದ. ಸೋಲಾಪುರದಿಂದ ಎರಡು ಸೆಟ್ ಜರ್ಮನಿ ಪ್ಲಗ್ ತಂದಿದ್ದ. ಒಂದರ ಮೇಲೆ 145, ಇನ್ನೊಂದರ ಮೇಲೆ 225. ಮಿಲಿಟರಿಯಲ್ಲಿ ನಾನು ಕೈಯಾಡಿಸಿದ್ದೆಲ್ಲ ಅಮೆರಿಕದ ಪ್ಲಗ್. ಅದರಲ್ಲಿ ಅಂಕಿ ಸಣ್ಣದಾದಷ್ಟೂ ತಂಪು. ಜರ್ಮನಿಯದು ಪೂರಾ ಉಲ್ಟಾ, ಅಂಕಿ ದೊಡ್ಡದಾದಷ್ಟೂ ತಂಪು. ನನಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ. ಜಗದೇವಪ್ಪ ಮಿಸ್ತ್ರಿಗೆ ಗೊತ್ತಿಲ್ಲದ್ದು ಉಂಟೇ? ಸೊಕ್ಕು. ಸಣ್ಣ ಅಂಕಿ ನೋಡಿ 145 ಬಿಗಿದೆ. ತಂಪು ಕೇಳಿದವನಿಗೆ ಬೆಂಕಿ ಕೊಟ್ಟೆ.

ಮರುದಿನ ಬೆಳಿಗ್ಗೆ ಅವನು ತಾಯಿಯನ್ನು ಕರೆತರಲು ಗುಂಜೋಟಿಗೆ ಹೊರಟ. ರಂಭಾಬಾಯಿ ತವರಿಗೆ ಹೋಗಿದ್ದರು. ನನ್ನ ಮನೆ ಮುಂದೆಯೇ ಹಾದ. ಕೈ ಎತ್ತಿದ. ಎಂಜಿನ್ ಸದ್ದಿನ ಒಳಗೆ ಇನ್ನೊಂದು ಸದ್ದಿತ್ತು, ಬಾಣಲೆಯಲ್ಲಿ ಜೋಳದ ಅರಳು ಹುರಿದಂತೆ ಚಟಪಟ. ಕಿಡಿಗೆ ಮೊದಲೇ ಹೊತ್ತಿಕೊಳ್ಳುವ ಸದ್ದು. ಕಿವಿಗೆ ಬಿತ್ತು. ಕೂಗಿ ನಿಲ್ಲಿಸಬಹುದಿತ್ತು. ಹಲ್ಲುಜ್ಜುತ್ತಿದ್ದೆ. ಬಂದ ಮೇಲೆ ನೋಡೋಣ ಅಂದುಕೊಂಡೆ.

ಮೋರಿಯ ಹತ್ತಿರ ಮೂರನೆಯ ಪಿಸ್ಟನ್ ಕರಗಿ ಎಂಜಿನ್ ಹಿಡಿದುಕೊಂಡಿತು. ಹಿಂದಿನ ಗಾಲಿ ಲಾಕ್, ಗಾಡಿ ಮೋರಿಗೆ. ಈಗ ಅದಕ್ಕೆ ಹೊಸ ಪಿಸ್ಟನ್ ಕೂರಿಸಿದವನೂ ನಾನೇ, ಕರಗಿದ್ದನ್ನು ಯಾರಿಗೂ ತೋರಿಸದೆ.

ಎಲ್ಲರೂ ಹುಡುಗನ ಸುತ್ತ ಅಳುತ್ತಿದ್ದಾಗ ನಾನು ಬಾನೆಟ್ ಎತ್ತಿ ನಾಲ್ಕೂ ಪ್ಲಗ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅಡ್ಡ ಬಂದ ದನ ತಪ್ಪಿಸಲು ಹೋಗಿ ಬಿದ್ದ ಎಂದು ಯಾರೋ ಹೇಳಿದರು. ಎಲ್ಲರೂ ಹಾಗೇ ಹೇಳಿದರು. ನಾನೂ ಹೇಳಿದೆ. ಅವನನ್ನು ಸಮಾಧಿಯಲ್ಲಿ ಕೂರಿಸಿ ಮಣ್ಣು ಕೊಡುವಾಗ, ಇದೇ ಕೈಯಿಂದ ಒಂದು ಹಿಡಿ ವಿಭೂತಿ ಹಾಕಿದೆ.

ಆ ನಾಲ್ಕು ಪ್ಲಗ್ ಇಂದಿಗೂ ನನ್ನ ಟ್ರಂಕಿನಲ್ಲಿ, ಬಿಸ್ಕಿಟ್ ಡಬ್ಬಿಯಲ್ಲಿವೆ. ಎಸೆಯಲು ಆಗಲಿಲ್ಲ. ಮೂರನೆಯದು ವಿಭೂತಿಗಟ್ಟಿಯಷ್ಟು ಬಿಳಿ.

ಅಕ್ಟೋಬರ್ 25. ಗುರುವಾರ.

260 ಹಾಕಿದೆ. ಇದಕ್ಕಿಂತ ತಂಪಿನದು ಸೋಲಾಪುರದಲ್ಲಿ ಸಿಗುವುದಿಲ್ಲ. ಪೇಟೆ ದಾಟುವಷ್ಟರಲ್ಲಿ ಒಂದು, ಎರಡು ಮಸಿ ಹಿಡಿದು ನಿಂತವು. ಕಿರಾಣಿ ಅಂಗಡಿ ಮುಂದೆ ಜನ ನಗಲಿಕ್ಕೆ ಹತ್ತಿದರು. ಅಂಬಣ್ಣನ ಮುಖ ಕೆಂಪಗೆ.

"ಕಾಕಾ, ರೇಸಿಗಿ ಹೊಂಟೀವೋ, ದಬ್ಬೋ ಗಾಡಿ ಜಾತ್ರಿಗಿ ಹೊಂಟೀವೋ?"

ದಬ್ಬಿಕೊಂಡೇ ವಾಡೆಗೆ ತಂದೆವು. ಬಿಚ್ಚಿ ನೋಡಿದೆ. ಒಂದು ಕಪ್ಪು. ಎರಡು ಕಪ್ಪು. ನಾಲ್ಕು ಅರೆಬಿಳಿ. ಮೂರು ಬಿಳಿ.

ಹೇಗೆ ಸಾಧ್ಯ? ಅದೇ ಎಂಜಿನ್, ಅದೇ ಪೆಟ್ರೋಲ್. ಕಿಡಿ ಹಾರುವ ಟೈಮಿಂಗ್ ಸರಿಯಿದೆ. ಗ್ಯಾಸ್ಕೆಟ್ ಸೋರುತ್ತಿಲ್ಲ. ಪೆಟ್ರೋಲ್ ಹಾಯುವ ಜೆಟ್ ನಾನೇ ಊದಿ ನೋಡಿದ್ದೇನೆ. ಇಂದು ಗಾಡಿ ಓಡೇ ಇಲ್ಲ, ಕುಂಟಿದೆ. ಆದರೂ ಮೂರನೆಯದು ಹತ್ತು ಮೈಲಿ ಪೂರಾ ವೇಗದಲ್ಲಿ ಓಡಿಬಂದವನಂತೆ ಬಿಳಿಚಿಕೊಂಡಿದೆ.

ಪ್ಲಗ್ ಕೈ ಜಾರಿ ಕೆಳಗೆ ಬಿತ್ತು. ರಂಭಾಬಾಯಿ ಅದನ್ನು ಎತ್ತಿ ಸೆರಗಿನಿಂದ ಒರೆಸಿ ಕೊಟ್ಟರು.

ಅಕ್ಟೋಬರ್ 27. ಶನಿವಾರ.

ಗೊತ್ತಾಯಿತು! ಶಿವನೇ, ಗೊತ್ತಾಯಿತು.

ಈ ಮನೆಯ ರಿವಾಜು — ಗಾಡಿ ಹೊರಡಿಸುವ ಮುನ್ನ ಮಿಸ್ತ್ರಿಗೆ ಒಳಗೆ ಕರೆದು ಚಹಾ. ಬಾನೆಟ್ ತೆರೆದೇ ಇರುತ್ತದೆ. ಇಂದು ನಟ್ಟು ಬಿಗಿಯುವ ಪಾನಾ ಹೊರಗೇ ಮರೆತದ್ದು ನೆನಪಾಗಿ ಅರ್ಧ ಚಹಾಕ್ಕೇ ಎದ್ದು ಬಂದೆ. ರಂಭಾಬಾಯಿ ಎಂಜಿನ್ನಿನ ಮೇಲೆ ಬಾಗಿ ನಿಂತಿದ್ದರು. ಎಡಗೈಯಲ್ಲಿ ವಿಭೂತಿಗಟ್ಟಿ. ಬಲಗೈಯ ಮೂರು ಬೆರಳಿನಿಂದ ಪುಡಿ ಉದುರಿಸುತ್ತಿದ್ದರು, ಹಿಂದಿನ ಕಾರ್ಬುರೇಟರಿನ ತೆರೆದ ಬಾಯಿಗೆ. ಅದು ಗಾಳಿ ಕೊಡುವುದು ಮೂರು ಮತ್ತು ನಾಲ್ಕಕ್ಕೆ.

"ಅವ್ವಾರ, ಏನ್ ಮಾಡ್ಲತೀರಿ?"

ಬೆಚ್ಚಿಬಿದ್ದರು. ಆಮೇಲೆ ಮಗು ಸಿಕ್ಕಿಬಿದ್ದಂತೆ ನಕ್ಕರು. "ಬೈಬ್ಯಾಡ್ರಿ ಜಗದೇವಪ್ಪಾ. ಹಣಿಗಿ ಹಚ್ಚಾಮಂದ್ರ ಗಾಡಿಗಿ ಹಣಿ ಎಲ್ಲದ? ಅಂಬಣ್ಣನss ಒಂದಿನ ಹೇಳಿದ್ದ, ಇದು ಇಲ್ಲಿಂದ ಉಸುರು ತಗೋತಾದಂತ. ಉಸುರಿನಾಗೇ ಹೋಗ್ಲಿ ಅಂತ ಹಾಕ್ಲತಿನಿ."

ನನಗೆ ನಗು ಉಕ್ಕಿಬಂತು. ಹತ್ತು ದಿನ ಹೆದರಿ ಸತ್ತಿದ್ದೆ. ಬಿಳಿ ಬಣ್ಣ ಕಾವಿನದಲ್ಲ, ವಿಭೂತಿಯದು! ಬೆರಳಿನಿಂದ ಉಜ್ಜಿ ನೋಡಿದೆ, ಬೆರಳಿಗೆ ಹತ್ತಿತು. ಕಾವಿನ ಬಿಳಿಯಾದರೆ ಪ್ಲಗ್ಗಿನ ಪಿಂಗಾಣಿಗೆ ಸುಟ್ಟುಕೊಂಡಿರುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಇಷ್ಟು ಸಾದಾ ಪರೀಕ್ಷೆ ತಲೆಗೆ ಹೊಳೆದಿರಲಿಲ್ಲ.

ಆದರೆ ಅವರು ನಗುತ್ತಿರಲಿಲ್ಲ.

"ಅಂವಾ ಹೋದ ದಿನ ನಾ ತವರಿನಾಗ ಕುಂತಿದ್ದೆ. ದಿನಾ ಗಾಡಿ ಏರೂ ಮುಂದ ನನ್ನ ಕೈಲೆ ವಿಭೂತಿ ಹಚ್ಚಿಸ್ಕೋತಿದ್ದ. ಅವತ್ತೊಂದ್ ದಿನ ಹಚ್ಚೋರು ಯಾರೂ ಇರಲಿಲ್ಲ. ನಾ ಇದ್ದಿದ್ರ ನನ್ನ ಕೂಸು ಹೋಗ್ತಿರಲಿಲ್ಲ, ಜಗದೇವಪ್ಪಾ. ಎರಡ್ ವರ್ಷ ಆತು, ಕಣ್ಣಿಗಿ ಕಣ್ಣು ಹತ್ತಿಲ್ಲ ನನಗ."

ಆಗ ಹೇಳಬೇಕಿತ್ತು. ನಿಮ್ಮ ತಪ್ಪಲ್ಲ, ನನ್ನ ತಪ್ಪು — ಇಷ್ಟೇ. ಬಾಯಿ ತೆರೆದೆ. "ಇನ್ನ ಮ್ಯಾಲ ಬಾನೆಟ್ ಮ್ಯಾಲ ಹಚ್ಚರಿ ಅವ್ವಾರ," ಅಂದೆ. ಪಾನಾ ತೆಗೆದುಕೊಂಡು ಒಳಗೆ ಹೋಗಿ ಉಳಿದರ್ಧ ಚಹಾ ಕುಡಿದೆ. ನನ್ನಂಥ ನೀಚ ಈ ಊರಲ್ಲಿಲ್ಲ.

ನವೆಂಬರ್ 1. ಗುರುವಾರ.

ನಿನ್ನೆ ಹೈದರಾಬಾದ್ ಸಂಸ್ಥಾನದಲ್ಲಿ ಮಲಗಿ ಇಂದು ಮುಂಬಯಿ ಪ್ರಾಂತದಲ್ಲಿ ಎದ್ದೆವು. ಕಚೇರಿ ಮುಂದೆ ಭಾಷಣ, ಪೇಢಾ. ಉಮಾಬಾಯಿ ಅಂಗಳ ಗುಡಿಸುತ್ತ, "ಒಲಿ ಅಲ್ಲೇ ಅದ, ಬಾವಿ ಅಲ್ಲೇ ಅದ, ನಾವ್ ಎಲ್ಲಿಗಿ ಹೋದೆವಂತ?" ಅಂದಳು.

ವಿಭೂತಿಯಿಂದ ದಾರಿ ತಪ್ಪಿ ಸುಮ್ಮನೆ ತಂಪಿಗೆ ಇಳಿದಿದ್ದೆ. ಮತ್ತೆ 225 ಹಾಕಿದೆ. ಪೇಟೆಯಲ್ಲಿ ಕುಂಟುವುದಿಲ್ಲ, ಮಿಸ್ ಇಲ್ಲ. ಅಂಬಣ್ಣ ಖುಷ್. ಅವ್ವನ ವಿಭೂತಿಯ ಕತೆ ಹೇಳಿ ಹೇಳಿ ಊರನ್ನೆಲ್ಲ ನಗಿಸುತ್ತಿದ್ದಾನೆ. ದೀಪಾವಳಿ ಮುಗಿದ ಮೇಲೆ ಕೊನೆಯ ಪರೀಕ್ಷೆ.

ನವೆಂಬರ್ 14. ಬುಧವಾರ. ಸಂಜೆ.

ಹಬ್ಬ ಮುಗಿಸಿ ರಂಭಾಬಾಯಿ ತವರಿಗೆ ಹೋಗಿ ಎಂಟು ದಿನ. ಕಾರ್ಬುರೇಟರ್ ಎರಡನ್ನೂ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದಿದ್ದೇನೆ. ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದೆ. ಪ್ಲಗ್ ಹೊಸವು, 225, ಕಾಗದ ಹರಿದು ನಾನೇ ಬಿಗಿದದ್ದು.

ಗುಂಜೋಟಿ ರಸ್ತೆ. ಪೂರಾ ವೇಗ. ತೊಡೆ ತಟ್ಟುವ ಮೊದಲು ಒಂದು ಗಳಿಗೆ ಕಿವಿಗೆ ಬಿತ್ತು, ಸಣ್ಣಗೆ, ಗಾಳಿಯ ಅಡಿಯಲ್ಲಿ — ಚಟಪಟ. ತಟ್ಟಿದೆ. ಸ್ವಿಚ್ ಆರಿತು. ಉರುಳಿ ಉರುಳಿ ಮೋರಿಯ ಹತ್ತಿರ ನಿಂತಿತು.

ಒಂದು — ಕಂದು. ಎರಡು — ಕಂದು. ನಾಲ್ಕು — ಕಂದು, ರೊಟ್ಟಿಯ ಹದ.

ಮೂರು — ಬಿಳಿ.

ಉಜ್ಜಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದೆ. ಹೋಗಲಿಲ್ಲ. ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬೆಳ್ಳಿಯ ಚುಕ್ಕೆಗಳು. ಅದು ಪಿಸ್ಟನ್. ಕರಗಲಿಕ್ಕೆ ಹತ್ತಿದೆ.

"ಅಂಬಣ್ಣಾ, ಇದು ವಿಭೂತಿ ಅಲ್ಲ. ಕಾವು. 240 ಹಾಕಾಮು. ಆದ್ರೂ ಬಿಳಿ ಬಂತಂದ್ರ ರೇಸ್ ಬ್ಯಾಡ."

ಹೊಟ್ಟೆ ಹಿಡಿದು ನಕ್ಕ. "ಕಾಕಾ, ಅವ್ವ ಹೋಗೂ ಮುಂದ ಒಂದ್ ಹಿಡಿ ಜಾಸ್ತಿ ಹಾಕ್ಯಾಳ! ನೀವss ಹೇಳಿದ್ರಲ್ಲ, ಬಿಳಿ ಅಂದ್ರ ವಿಭೂತಿಂತ."

"ಉಜ್ಜಿ ನೋಡು."

"ಸುಟ್ಟು ಕುಂತಾದ, ಹ್ಯಾಂಗ್ ಹೋಗ್ತಾದ? ಅಲ್ಲಿ 240 ಹಾಕಿ ಪುಣೇದ ಮಂದಿ ಮುಂದ ದಬ್ಬಬೇಕೇನು? ಬ್ಯಾಡ ಕಾಕಾ, ನಕೋ. ಶುಕ್ರವಾರ ಮುಂಜಾನಿ ಆರಕ್ಕ ಹೊಂಟೆ. ಗುಂಜೋಟಿಗಿ ಹೋಗಿ ಅವ್ವನ ಕೈಲೆ ವಿಭೂತಿ ಹಚ್ಚಿಸ್ಕೊಂಡು, ಅಲ್ಲಿಂದ ಸೀದಾ ಪುಣೆಕ್ಕ."

ಅಮೋಘಸಿದ್ಧ ಅಂಗಡಿಯಿಂದ ಇಳಿದು ಬಂದ. ಪ್ಲಗ್ ನೋಡಲಿಲ್ಲ, ಗಾಡಿ ನೋಡಲಿಲ್ಲ, ನನ್ನ ಮುಖ ನೋಡಿದ. "ಇವತ್ತು ಎರಡ್ ಸಲ ಹೋತ್ರಿ. ಮೊದಲಿಂದು ನಿಲ್ಲಲಿಲ್ಲ."

ನಾವು ಹೋದದ್ದು ಒಂದೇ ಸಲ.

ನವೆಂಬರ್ 15. ಗುರುವಾರ. ಸಂಜೆ 7

ಅಂಬಣ್ಣನನ್ನು ನಿಲ್ಲಿಸಲು ಒಂದೇ ದಾರಿ ಉಳಿದಿದೆ. ಡಬ್ಬಿ ತೆರೆದು ಅಣ್ಣನ ಪ್ಲಗ್ ತೋರಿಸಬೇಕು. ಇದು 1954ರದು, ಇದು ನಿನ್ನೆ ಬಿಚ್ಚಿ ಬದಲಿಸಿದ್ದು, ಎರಡೂ ಪಕ್ಕಪಕ್ಕ ಇಡು, ಬಣ್ಣ ನೋಡು. ಆಗ ನಂಬುತ್ತಾನೆ. ಇವು ನಿಮ್ಮ ಹತ್ತಿರ ಹೇಗೆ ಬಂದವು ಕಾಕಾ ಎಂದೂ ಕೇಳುತ್ತಾನೆ.

ಡಬ್ಬಿ ಬಗಲಿಗೆ ಇಟ್ಟುಕೊಂಡು ವಾಡೆಗೆ ಹೋದೆ. ಅಂಬಣ್ಣ ಗೆಳೆಯರ ಜೊತೆ ಹೋಗಿದ್ದ. ಗಾಡಿಯಿದ್ದ ಕೋಠಿಗೆ ಬೀಗ, ಕೀಲಿ ಅವನ ಹತ್ತಿರವೇ. ಸಾವಕಾರರು ಕಟ್ಟೆಯ ಮೇಲೆ ಒಬ್ಬರೇ. ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ರೇವಣಸಿದ್ಧ ಹೋದ ದಿನ ಎಲ್ಲಾರೂ ಅಳಕೋತ ನಿಂತಿದ್ರು. ಗಾಡಿ ಹತ್ರ ನಿಂತು ನೋಡಿದಾಂವ ನೀ ಒಬ್ಬನss. ಅದಕ್ಕss ಈ ಹುಡುಗನ್ನ ನಿನ್ನ ಕೈಯಾಗ ಕೊಟ್ಟೀನಿ, ಜಗದೇವಪ್ಪಾ. ನೀ ಹೂಂ ಅಂದ್ರ ನನಗ ನಿದ್ದಿ ಬರ್ತಾದ. ಗಾಡಿ ಸರಿ ಅದ ಹೌದಿಲ್ಲ?"

ಹೂಂ ಅಂದೆ.

ಅಂದುಬಿಟ್ಟೆ. ನಾಲಿಗೆ ಅಂತು, ನಾನಲ್ಲ ಎಂದು ಬರೆಯಲು ಹೊರಟಿದ್ದೆ. ಸುಳ್ಳು. ನಾನೇ ಅಂದದ್ದು. ಬಗಲಲ್ಲಿ ಡಬ್ಬಿ ಸಣ್ಣಗೆ ಸದ್ದು ಮಾಡಿತು. ಏನದು ಎಂದು ಕೇಳಿದರು. ಬಿಸ್ಕಿಟ್ ಎಂದೆ.

ನವೆಂಬರ್ 16. ಶುಕ್ರವಾರ. ಬೆಳಿಗ್ಗೆ 5

ಸ್ನಾನ, ಲಿಂಗಪೂಜೆ ಆಯಿತು. ವಿಭೂತಿಗಟ್ಟಿ ಮುಟ್ಟಲು ಕೈ ಬರಲಿಲ್ಲ. ಹಚ್ಚದೆಯೇ ಎದ್ದೆ.

ಉಮಾಬಾಯಿಗೆ ಹೇಳಿದೆ. ಎಲ್ಲ. 145ರಿಂದ ಹಿಡಿದು ನಿನ್ನೆಯ ಹೂಂವರೆಗೆ. ಒಲೆಯ ಮುಂದೆ ಕೂತವಳು ತಿರುಗಿ ನೋಡಿದಳು.

"ಎರಡ್ ವರ್ಷ ಆ ತಾಯಿ ತನ್ನss ಬೈಕೋತ ಕುಂತಾಳ. ನೀವ್ ಅದನ್ನ ನೋಡಕೋತ ಆಕಿ ಕೈಲೇ ಚಹಾ ಕುಡದೀರಿ?" ಆಮೇಲೆ ದನಿ ಇಳಿಸಿ, "ಏಳ್ರಿ. ಬೈಯೋದು ಆಮ್ಯಾಲ ಬೈತಿನಿ. ಹುಡುಗ ಹೋಗೂ ಮೊದಲ ಹೋಗ್ರಿ," ಅಂದಳು.

ಆರಕ್ಕೆ ಹೊರಡುತ್ತಾನೆ. ಇನ್ನೂ ಹೊತ್ತಿದೆ. ಎದುರಿಗೆ ನಿಂತರೆ ನಿನ್ನೆಯ ಹಾಗೇ ನಾಲಿಗೆ ನಿಜಕ್ಕೆ ಹೊರಳುವುದಿಲ್ಲ. ಏನು ಹೇಳಬೇಕೆಂದು ಬರೆದುಕೊಂಡು ಹೋಗುತ್ತೇನೆ. ಬರೆದದ್ದನ್ನು ಓದಿದರಾಯಿತು.

ಅಂಬಣ್ಣಾ, ಈ ನಾಲ್ಕು ಪ್ಲಗ್ ನಿಮ್ಮ ಅಣ್ಣನ ಗಾಡಿಯವು. ತಂಪು ಕೇಳಿದ್ದ. ನಾನು ಅಂಕಿ ತಪ್ಪು ತಿಳಿದು ಬಿಸಿ ಹಾಕಿದೆ. ದನ ಅಡ್ಡ ಬಂದಿರಲಿಲ್ಲ. ನಿಮ್ಮ ಅವ್ವನ ವಿಭೂತಿ ಇಲ್ಲದ್ದಕ್ಕೆ ಅವನು ಸಾಯಲಿಲ್ಲ. ಅದನ್ನು ಆಕೆಗೆ ಹೇಳು. ಇಲ್ಲ, ನಾನೇ ಗುಂಜೋಟಿಗೆ ಬಂದು ಹೇಳುತ್ತೇನೆ, ಕಾಲು ಹಿಡಿದು

5.20

ವಾಡೆಯ ಕಡೆ ಎಂಜಿನ್ ಎದ್ದಿತು. ಇನ್ನೂ ಆರಾಗಿಲ್ಲ. ಬಿಸಿ ಮಾಡುತ್ತಿರಬೇಕು. ಇನ್ನೊಂದು ಸಾಲು ಬರೆದು

ಇಲ್ಲ. ಪೇಟೆ ಮೂಲೆ ತಿರುಗಿತು. ಮಿಸ್ ಇಲ್ಲ, ಜೋರಿದೆ. ಉಮಾಬಾಯಿ ಲಾಟೀನು ಹಿಡಿದು ರಸ್ತೆಗೆ ಓಡಿದಳು. ನಿಲ್ಲಸೋ ಅಂಬಣ್ಣಾ, ನಿಲ್ಲಸೋ ಎಂದು ಕೂಗುತ್ತಿದ್ದಾಳೆ. ನಾನು ಏಳಬೇಕು. ಡಬ್ಬಿ ಎಲ್ಲಿ — ಮುಂದೆಯೇ ಇದೆ. ಏಳು ಜಗದೇವಾ. ಇನ್ನೂ ಕೂತೇ ಇದ್ದೇನೆ, ಕೈ ಬರೆಯುತ್ತಲೇ ಇದೆ. ಮನೆ ಮುಂದೆ ಬಂತು. ಹಾರ್ನ್ ಹೊಡೆದ, ನನಗೆಂದೇ. ಎಂಜಿನ್ ಸದ್ದಿನ ಒಳಗೆ ಅದೇ ಚಟಪಟ, ಅರಳು ಹುರಿದ